ಎಡಗಡೆ ಕಾಣಿಸುತ್ತಿದ್ದವರು

“ಎಡಗಣ್ಣು ಹೋಗ್ಬಿಟ್ಟೈತೆ ಡಾಕ್ಟ್ರಮ್ಮ, ಒಂದು ಕನ್ನಡಕ ಬರ್ಕೊಡ್ರಿ” ಎನ್ನುತ್ತಾ ಆಕೆ ಕುರ್ಚಿಯ ಕಡೆ ಬಂದಳು. ಬರುವಾಗ ಮೇಜಿನ ಮೂಲೆ ಎಡ ಸೊಂಟಕ್ಕೆ ಬಡಿಯಿತು. ನೋವಾಯಿತೆಂದು ಮುಖ ಕಿವುಚಲಿಲ್ಲ. ದಿನಾ ಬಡಿಸಿಕೊಂಡು ಅಭ್ಯಾಸವಾದವರಂತೆ ಸೊಂಟ ಉಜ್ಜಿಕೊಂಡು ಕೂತಳು.

ಅದು ಶೇಂಗಾ ಬರುವ ಕಾಲ. ಚಳ್ಳಕೆರೆಯಲ್ಲಿ ನನ್ನ ಕಣ್ಣಿನ ಆಸ್ಪತ್ರೆ ಇರುವುದು ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ. ಲಾರಿಗಳ ಗದ್ದಲಕ್ಕೆ ರೋಗಿಗಳ ಮಾತು ಕೇಳಿಸಬೇಕಾದರೆ ಕಿಟಕಿ ಮುಚ್ಚಬೇಕು. ಮುಚ್ಚಿ ಬಂದು ಕೂತೆ. ಆಕೆಗೆ ನಲವತ್ತರ ಆಸುಪಾಸು. ಊರು ಮೊಳಕಾಲ್ಮೂರು. ಅಲ್ಲಿನ ಬಸ್ ನಿಲ್ದಾಣದ ಎದುರು ಗಂಡ ಹೆಂಡತಿ ಸೇರಿ ಮಿರ್ಚಿ ಮಂಡಕ್ಕಿ ಅಂಗಡಿ ನಡೆಸುತ್ತಿದ್ದರು. ಗಂಡ ಪಕ್ಕದಲ್ಲೇ ನಿಂತಿದ್ದ. ಎರಡು ತಿಂಗಳ ಹಿಂದೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಆಕೆಗೆ ಹೃದಯದ ಆಪರೇಷನ್ ಆಗಿತ್ತು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಹಳೇ ಕವಾಟ ತೆಗೆದು ಲೋಹದ ಕವಾಟ ಕೂರಿಸಿದ್ದರು.

“ಉಸಿರು ಈಗ ಪಸಂದಾಗೈತ್ರಿ” ಎಂದ ಗಂಡ. “ಮಲಗಿದ್ರೆ ಎದೆ ಒಳಗೆ ಗಡಿಯಾರದಂಗೆ ಟಿಕ್ ಟಿಕ್ ಅಂತೈತೆ. ಮೊದ್ಲು ನಂಗೆ ನಿದ್ದೆ ಬರ್ತಿರ್ಲಿಲ್ಲ. ಈಗ ಅದು ಕೇಳಿಸ್ದಿದ್ರೆ ನಿದ್ದೆ ಬರಾದಿಲ್ಲ. ಆದ್ರೆ ಊರಿಗೆ ಬಂದಾಗಿಂದ ಈ ಕಣ್ಣಿನ ಕಾಟ ನೋಡ್ರಿ.”

ಆಕೆಯ ಎಡಗೈ ಮಣಿಕಟ್ಟಿನಿಂದ ಬೆರಳಿನವರೆಗೆ ಸುಟ್ಟು, ಮೇಲಿನ ಚರ್ಮ ಸುಲಿದು ಕೆಂಪಗಾಗಿತ್ತು. ಏನಾಯಿತೆಂದು ಕೇಳಿದೆ. “ಬಾಣಲೆ ಕಾಣ್ಲಿಲ್ರಿ” ಎಂದಷ್ಟೇ ಹೇಳಿ ಸೆರಗಿನೊಳಗೆ ಕೈ ಮರೆಮಾಡಿಕೊಂಡಳು.

ಅಕ್ಷರದ ಫಲಕ ಓದಿಸಿದೆ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಓದುವಾಗ ಪ್ರತಿ ಸಾಲಿನ ಮೊದಲ ಅಕ್ಷರಗಳನ್ನು ಬಿಟ್ಟಳು. ಎಡಗಣ್ಣು ಮುಚ್ಚಿಸಿ, ಆಕೆ ಚೆನ್ನಾಗಿದೆ ಎನ್ನುತ್ತಿದ್ದ ಬಲಗಣ್ಣಿನಿಂದ ಓದಿಸಿದೆ. ಆಗಲೂ ಅವೇ ಅಕ್ಷರಗಳು ಬಿಟ್ಟುಹೋದವು. ಮತ್ತೆ ನೋಡಮ್ಮ ಎಂದಾಗ ಕುತ್ತಿಗೆ ತಿರುಗಿಸಿ, “ಅಯ್ಯ, ಇಲ್ಲೂ ಐತಲ್ಲ” ಎಂದು ಅತಿ ಸಣ್ಣ ಸಾಲಿನವರೆಗೂ ಓದಿದಳು. ಕಣ್ಣಿನ ಒತ್ತಡ ಸರಿಯಾಗಿತ್ತು. ಔಷಧಿ ಹಾಕಿ ಪಾಪೆ ಅಗಲಿಸಿ ಒಳಗೆ ನೋಡಿದರೆ ಅಕ್ಷಿಪಟ, ನರ ಎಲ್ಲಾ ಶುಭ್ರ. ಕನ್ನಡಕ ಬರೆದುಕೊಡುವಂಥದ್ದು ಆ ಕಣ್ಣುಗಳಲ್ಲಿ ಏನೂ ಇರಲಿಲ್ಲ.

ಆಮೇಲೆ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ನನ್ನ ಮೂಗನ್ನೇ ನೋಡುತ್ತಿರಲು ಹೇಳಿದೆ. ಎರಡೂ ಕೈ ಅಗಲಿಸಿ ಬೆರಳಾಡಿಸಿದೆ. ಆಕೆಯ ಬಲಕ್ಕಿದ್ದ ಬೆರಳು ತಕ್ಷಣ ಕಂಡಿತು. ಎಡಕ್ಕಿದ್ದ ಬೆರಳನ್ನು ನಿಧಾನವಾಗಿ ಒಳಗೆ ತಂದೆ. ಮೂಗಿನ ನೇರಕ್ಕೆ ಬರುವವರೆಗೂ ಆಕೆಗೆ ಅದು ಇರಲೇ ಇಲ್ಲ. ಎರಡು ಕಣ್ಣನ್ನು ಬೇರೆ ಬೇರೆ ಮುಚ್ಚಿ ನೋಡಿದರೂ ಅಷ್ಟೇ. ಹೋಗಿದ್ದು ಎಡಗಣ್ಣಲ್ಲ. ಎರಡೂ ಕಣ್ಣಿನ ಎಡ ಅರ್ಧ ನೋಟ.

ಗಂಡನಿಗೆ ಬಿಡಿಸಿ ಹೇಳಿದೆ. ಕಣ್ಣು ಕಿಟಕಿಯಿದ್ದಂತೆ, ನೋಡುವ ಕೆಲಸ ತಲೆಯ ಹಿಂಭಾಗದ್ದು. ಎಡಗಡೆಯ ಪ್ರಪಂಚವನ್ನು ನೋಡುವ ಜಾಗ ತಲೆಯ ಹಿಂದೆ ಬಲಕ್ಕಿದೆ. ಕವಾಟ ಬದಲಿಸುವಾಗ ಹೃದಯ ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಓಡಿಸುತ್ತಾರೆ. ಎಷ್ಟೇ ಜಾಗ್ರತೆ ವಹಿಸಿದರೂ ಅಪರೂಪಕ್ಕೊಮ್ಮೆ ಸಾಸಿವೆಗಿಂತ ಚಿಕ್ಕದೊಂದು ಹೆಪ್ಪು ರಕ್ತದ ಜೊತೆ ಮೇಲೆ ಹೋಗಿ ಆ ಜಾಗದ ನಾಳದಲ್ಲಿ ಸಿಕ್ಕಿಬೀಳುತ್ತದೆ. ಕೈಕಾಲಿನ ಶಕ್ತಿ ಹೋಗುವುದಿಲ್ಲ, ಮಾತು ತೊದಲುವುದಿಲ್ಲ. ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ.

“ಎದೆ ರಿಪೇರಿ ಮಾಡ್ಸಾಕೆ ಹೋಗಿ ಕಣ್ಣು ಕಳ್ಕೊಂಡಂಗಾಯ್ತಲ್ರಿ” ಎಂದು ಆತ ಗೋಡೆಗೆ ಒರಗಿದ.

ಚಿತ್ರದುರ್ಗಕ್ಕೆ ಕಳಿಸಿ ತಲೆಯ ಸ್ಕ್ಯಾನ್ ಮಾಡಿಸಿದೆ. ಅದೇ ವಾರ ಗಂಡನೊಬ್ಬನೇ ಫಿಲ್ಮು ಹಿಡಿದುಕೊಂಡು ಬಂದ. ತಲೆಯ ಹಿಂದೆ, ಬಲಕ್ಕೆ, ಹೆಬ್ಬೆರಳಿನ ಗಾತ್ರದ ಕಪ್ಪು ಕಲೆ. ಆಪರೇಷನ್ ಮಾಡಿದ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಹೇಳಿದೆ. “ಎಚ್ಚರವಾದ ಮೇಲೆ ಎರಡೂ ಕೈ ಎತ್ತಿದ್ದರು, ಕಾಲು ಆಡಿಸಿದ್ದರು, ಗಂಡನ ಹೆಸರು ಹೇಳಿ ಕರೆದಿದ್ದರು. ಎಲ್ಲಾ ಸರಿ ಇದೆ ಅಂದುಕೊಂಡೇ ಕಳಿಸಿದೆವು” ಎಂದರು. ಒಂದು ಮಾತನ್ನು ಎರಡೆರಡು ಸಲ ಹೇಳಿದರು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಮಾತ್ರೆಯನ್ನು ಒಂದು ದಿನವೂ ಬಿಡಬಾರದು. ಲೋಹದ ಕವಾಟ ಇರುವವರೆಗೂ, ಅಂದರೆ ಬದುಕಿರುವವರೆಗೂ, ಅದು ಬೇಕು.

ಗಂಡನಿಗೆ ಅದನ್ನೇ ಹೇಳಿ ಕಳಿಸಿದೆ. ಮುಂದಿನ ವಾರ ಹೆಂಡತಿಯನ್ನು ಕರೆತರಲು ಹೇಳಿದೆ. ತಲೆ ತಿರುಗಿಸಿ ಎಡಗಡೆಯನ್ನು ಹುಡುಕಿ ನೋಡುವ ಅಭ್ಯಾಸ ಮಾಡಿಸಿದರೆ ಅರ್ಧ ನೋಟದಲ್ಲೂ ಬದುಕು ನಡೆಸಬಹುದು. ಆ ಭರವಸೆ ನನಗಿತ್ತು.

ಆಕೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ವಾರಕ್ಕೊಂದು ದಿನ ನಾನು ಮೊಳಕಾಲ್ಮೂರಿಗೆ ಹೋಗಿ ಬಾಡಿಗೆ ಕೋಣೆಯೊಂದರಲ್ಲಿ ರೋಗಿಗಳನ್ನು ನೋಡುತ್ತೇನೆ. ಆ ಸಲ ಹೋದಾಗ ಕೋಣೆಯ ಬಾಗಿಲು ತೆಗೆಯುವ ಮೊದಲೇ ಅವರ ಅಂಗಡಿಯ ಕಡೆ ನಡೆದೆ. ಗಂಡನೊಬ್ಬನೇ ಕಡ್ಲೆಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದಿ ಎಣ್ಣೆಗೆ ಬಿಡುತ್ತಿದ್ದ. ನನ್ನನ್ನು ಕಂಡದ್ದೇ ಒಲೆ ಸಣ್ಣ ಮಾಡಿದ.

“ಎದ್ದು ಬರಾದೇ ಇಲ್ಲ ಅಂತಾಳ್ರಿ. ಅಂಗಡಿಗೆ ಬಾ ಅಂದ್ರೆ ಅಳ್ತಾಳೆ. ಮಾತಿಲ್ಲ ಕತೆಯಿಲ್ಲ. ನಮ್ಮವ್ವ ನೋಡಿದ್ರೆ ಏನೋ ಸೋಕೈತೆ, ಗಡಿಯಾಚೆ ಯಾರೋ ತಾಯತ ಕಟ್ತಾರೆ, ಕರ್ಕೊಂಡು ಹೋಗಾನ ಅಂತ ಕುಂತೈತೆ. ನಾಳೆ ಹೋಗಾದು ಅಂತ ಮಾಡೀವಿ.”

“ಈಗ ನಿಮ್ಮ ಮನೆಗೆ ಹೋಗೋಣ” ಎಂದೆ.

ಮನೆ ಅಂಗಡಿಯ ಹಿಂದಿನ ಓಣಿಯಲ್ಲಿ. ಓಣಿಯುದ್ದಕ್ಕೂ ಮಗ್ಗದ ಸದ್ದು. ಬಾಗಿಲಲ್ಲಿ ಅತ್ತೆ ಕೂತಿದ್ದರು. ಆ ಮನೆಯಲ್ಲಿ ತೆಲುಗು ಕನ್ನಡ ಎರಡೂ ನಡೆಯುತ್ತಿತ್ತು. “ರಾ ತಲ್ಲೀ, ಒಳಗೆ ಬರ್ರಿ. ನೀವಾದ್ರೂ ಕೇಳ್ರಿ. ನನ್ನ ಹತ್ರ ಬಾಯೇ ಬಿಡಲ್ಲ” ಎಂದು ಒಳಗೆ ಬಿಟ್ಟರು.

ಆಕೆ ಕೋಣೆಯ ಮೂಲೆಯಲ್ಲಿ ಕೂತಿದ್ದಳು. ಎಡ ಭುಜ, ಎಡ ಕೆನ್ನೆ ಗೋಡೆಗೆ ಒತ್ತಿಕೊಂಡಿದ್ದಳು. ಪಕ್ಕದಲ್ಲಿ ಕಿಟಕಿಯಿತ್ತು, ಗಾಳಿ ಬರುತ್ತಿತ್ತು, ಕೂರಲು ಚಾಪೆ ಹಾಸಿತ್ತು. ಅದನ್ನೆಲ್ಲ ಬಿಟ್ಟು ಗೋಡೆಗೆ ಅಂಟಿಕೊಂಡು ಕೂತಿದ್ದಳು. ಎಡಗಡೆ ಕಾಣದವರು ಸಾಮಾನ್ಯವಾಗಿ ಆ ಕಡೆಯನ್ನು ಮರೆತುಬಿಡುತ್ತಾರೆ. ಈಕೆ ಮರೆತಿರಲಿಲ್ಲ. ಆ ಕಡೆಯಿಂದ ಏನೂ ಬರದ ಹಾಗೆ ಗೋಡೆ ಅಡ್ಡ ಇಟ್ಟುಕೊಂಡಿದ್ದಳು.

ಗಂಡ, ಅತ್ತೆ ಇಬ್ಬರನ್ನೂ ಹೊರಗೆ ಕಳಿಸಿ ನೆಲದ ಮೇಲೆ ಕೂತೆ.

“ಎಡಗಡೆ ಏನಾದ್ರೂ ಕಾಣಿಸ್ತಾ ಇದೆಯಾ?” ಎಂದು ಕೇಳಿದೆ.

“ಆ ಕಡೆ ಕಾಣಲ್ಲ ಅಂತ ನೀವೇ ಹೇಳಿದ್ರಲ್ರಿ.”

“ಹೌದು. ಕಾಣಬಾರದ ಕಡೆ ಏನಾದ್ರೂ ಕಾಣುತ್ತಾ ಅಂತ ಕೇಳ್ತಿದೀನಿ. ಕೆಲವರಿಗೆ ಹಾಗಾಗುತ್ತೆ. ಬುದ್ಧಿ ನೆಟ್ಟಗಿರೋರಿಗೇ ಆಗುತ್ತೆ.”

ಆಕೆ ನನ್ನ ಮುಖವನ್ನೇ ನೋಡಿದಳು. ಬಾಯಿಗೆ ಸೆರಗು ಒತ್ತಿ, ಹೊರಗಿನವರಿಗೆ ಕೇಳಿಸದ ಹಾಗೆ ಅತ್ತಳು. ಅತ್ತು ಮುಗಿದ ಮೇಲೆ ಒಂದೊಂದಾಗಿ ಹೇಳತೊಡಗಿದಳು. ಮೊದಲು ಬಣ್ಣ ಬಣ್ಣದ ಗೆರೆಗಳು ಬಂದವಂತೆ. ಆಮೇಲೆ ಕಾಲಿಲ್ಲದ ಕುರಿಗಳ ಹಿಂಡು, ನೆಲಕ್ಕೆ ತಾಗದೆ ಹೋಗುವುದು. ಗೇಣುದ್ದದ ಮನುಷ್ಯರು, ಕೆಂಪು ರುಮಾಲು ಸುತ್ತಿಕೊಂಡು ಸಾಲಾಗಿ ನಿಂತಿರುವುದು. ಹೆಚ್ಚಾಗಿ ಬರುವುದು ಒಂದು ಪುಟ್ಟ ಹುಡುಗಿ. ಹಳದಿ ಲಂಗ, ಬೆನ್ನು ಈ ಕಡೆಗೆ.

“ಮಾತಾಡ್ತಾಳಾ?”

“ಇಲ್ಲ. ಯಾರೂ ಮಾತಾಡಲ್ಲ. ಸದ್ದೇ ಇಲ್ಲ.” ಸುಟ್ಟ ಕೈಯನ್ನು ಮಡಿಲಿಗೆ ಎಳೆದುಕೊಂಡಳು. “ಬಾಣಲೆ ಕಾಣ್ಲಿಲ್ಲ ಅಂದಿದ್ದು ಸುಳ್ಳು ಡಾಕ್ಟ್ರಮ್ಮ. ಮಿರ್ಚಿ ಬಿಡ್ತಿದ್ದೆ. ಆ ಹುಡುಗಿ ಎಡಗಡೆಯಿಂದ ಬಂದು ಎಣ್ಣೆಗೆ ಕೈ ಹಾಕಿದಂಗಾಯ್ತು. ಯಾರ ಮಗೀನೋ ಅಂತ ಎಳ್ಕೊಳಾಕೆ ಹೋದೆ. ಅಲ್ಲಿ ಮಗು ಇರ್ಲಿಲ್ಲ. ಎಣ್ಣೆ ಇತ್ತು.”

ಇಲ್ಲದ ಮಗುವನ್ನು ಕಾಪಾಡಲು ಹೋಗಿ ಕೈ ಸುಟ್ಟುಕೊಂಡು, ಹುಚ್ಚಿ ಎಂದಾರೆಂಬ ಭಯಕ್ಕೆ ಅದನ್ನೂ ಒಳಗೇ ಇಟ್ಟುಕೊಂಡಿದ್ದಳು.

ಆಮೇಲೆ ಹೇಳಿದೆ. ಕಣ್ಣಿನ ಕಡೆಯಿಂದ ಸುದ್ದಿ ಬರುವುದು ನಿಂತುಹೋದಾಗ ಮೆದುಳು ಖಾಲಿ ಕೂರುವುದಿಲ್ಲ, ತಾನೇ ಚಿತ್ರ ಬರೆದುಕೊಳ್ಳುತ್ತದೆ. ಇದು ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ಪೆಟ್ಟು ಬಿದ್ದ ಜಾಗ ಕೂಗಿಕೊಳ್ಳುವ ರೀತಿ ಅಷ್ಟೇ. ತಿಂಗಳುಗಳು ಕಳೆದಂತೆ ತಾನಾಗಿ ಕಡಿಮೆಯಾಗುತ್ತದೆ.

“ನಾನು ಆ ಮಾತ್ರೆಯಿಂದ ಅಂದ್ಕೊಂಡಿದ್ದೆ” ಎಂದಳು.

“ಯಾವ ಮಾತ್ರೆ?”

“ಅದೇ, ರಕ್ತದ್ದು. ಆ ಮಾತ್ರೆ ತಗೊಂಡು ಊರಿಗೆ ಬಂದ ಮ್ಯಾಲೇ ಅಲ್ಲೇನ್ರಿ ಇವ್ರೆಲ್ಲಾ ಬಂದಿದ್ದು? ಅದಕ್ಕೇ ಬಿಟ್ಬಿಟ್ಟೆ. ದಿನಾ ಒಂದು ತೆಗ್ದು ಬಚ್ಚಲಿಗೆ ಹಾಕ್ತೀನಿ. ಹತ್ತು ದಿನದ ಮ್ಯಾಲಾತು.”

ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಕವಾಟ ಕಚ್ಚಿಕೊಂಡು ನಿಲ್ಲಬಹುದು. ಹೆಪ್ಪು ಚೂರಾಗಿ ಮತ್ತೆ ತಲೆಗೆ ಹೋಗಬಹುದು. ಉಳಿದ ಅರ್ಧ ನೋಟವೂ ಹೋಗಬಹುದು, ಜೀವವೂ ಹೋಗಬಹುದು. ನಾಳೆ ತಾಯತದ ಪ್ರಯಾಣ ಬೇರೆ.

ಅಲ್ಲಿಂದಲೇ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿದೆ. “ಈಗ ಮಾತ್ರೆ ನುಂಗಿಸಿದರೆ ಸಾಲದು. ಅದು ಕೆಲಸ ಶುರು ಮಾಡಲು ದಿನಗಳು ಬೇಕು. ಅಲ್ಲಿಯವರೆಗೆ ಚುಚ್ಚುಮದ್ದು ಕೊಡಬೇಕು. ಅದಕ್ಕೆ ಮೊದಲು ಎಕೋ ಮಾಡಿಸಿ, ಕವಾಟ ಆಡುತ್ತಿದೆಯೋ ಇಲ್ಲವೋ ನೋಡಬೇಕು. ಇವತ್ತೇ” ಎಂದರು. ಎಕೋ ಯಂತ್ರ ಇದ್ದದ್ದು ಚಳ್ಳಕೆರೆಯಲ್ಲಿ, ನನ್ನ ಪರಿಚಯದ ಫಿಜಿಷಿಯನ್ ಬಳಿ.

ಆದರೆ ಆಕೆ ಏಳಲಿಲ್ಲ. “ಸೂಜಿ ಹಾಕಿದ್ರೆ ಇನ್ನೂ ಜಾಸ್ತಿ ಬರ್ತಾರೆ” ಎಂದು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು.

“ಮಾತ್ರೆ ಬಿಟ್ಟ ಮೇಲೆ ಅವರು ಬರೋದು ನಿಂತಿತಾ?”

ಯೋಚಿಸಿದಳು. “ಇಲ್ಲ. ನಿನ್ನೆನೂ ಬಂದಿದ್ರು.”

“ಈಗ ಯಾರಾದ್ರೂ ಇದಾರಾ?”

ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಬಾಗಿಲು ಈಗ ಆಕೆಯ ಎಡಕ್ಕೆ ಬಂತು. “ಆ ಹುಡುಗಿ ಅವ್ಳೆ. ಬಾಗ್ಲ ಹತ್ರ.”

“ಯಾವತ್ತಾದ್ರೂ ಅವಳನ್ನ ನೆಟ್ಟಗೆ ನೋಡಿದೀಯಾ?”

“ಇಲ್ಲ. ಮುಖ ತೋರ್ಸಿಬಿಟ್ರೆ ಅಂತ ಭಯ.”

“ನಾನು ನಿನ್ನ ಕೈ ಹಿಡ್ಕೊಂಡಿದೀನಿ. ಕಣ್ಣು ಒಂದೆರಡು ಸಲ ಬಡಿದು, ಕುತ್ತಿಗೆ ಪೂರ್ತಿ ತಿರುಗಿಸಿ ಬಾಗಿಲನ್ನ ನೋಡು.”

ಸುಡದೆ ಉಳಿದಿದ್ದ ಬಲಗೈಯಿಂದ ನನ್ನ ಬೆರಳುಗಳನ್ನು ನೋವಾಗುವಷ್ಟು ಹಿಂಡಿದಳು. ಕಣ್ಣು ಬಡಿದಳು. ತಿರುಗಿದಳು. ಬಾಗಿಲಲ್ಲಿ ಒಣಹಾಕಿದ್ದ ಟವಲ್ ಬಿಟ್ಟು ಬೇರೇನೂ ಇರಲಿಲ್ಲ.

“ಹೋದ್ಳು” ಎಂದಳು. ನಂಬಿಕೆಯಾಗದೆ ಮತ್ತೆ ನೋಡಿದಳು. “ನೋಡಿದ್ ಕೂಡ್ಲೇ ಹೋಗೇಬಿಟ್ಳು!”

“ಅವಳು ಇರೋದು ನೀನು ನೋಡದ ಜಾಗದಲ್ಲಿ ಮಾತ್ರ. ಯಾವಾಗ ಬಂದರೂ ಹೀಗೇ ತಿರುಗಿ ನೋಡು. ಈಗ ಏಳು.”

ಎದ್ದಳು.

ಗಂಡನಿಗೆ ಮಾತ್ರೆಯ ವಿಷಯ ತಿಳಿದದ್ದು ಆಗ. “ಏನೇ ಮಾಡ್ಕೊಂಡೆ? ನಂಗೊಂದು ಮಾತು ಹೇಳಾಕೆ ಆಗ್ಲಿಲ್ವೇನೇ?” ಎಂದು ಕೂಗಿದ. “ಹೇಳಿದ್ರೆ ಹುಚ್ಚಿ ಅಂತಿದ್ರಿ” ಎಂದಳು. ಆತ ಒಳಗೆ ಹೋಗಿ ಆಕೆಯ ಚಪ್ಪಲಿ ತಂದು ಕಾಲ ಬಳಿ ಇಟ್ಟ.

ಬಾಡಿಗೆ ಕೋಣೆಯ ಮುಂದೆ ರೋಗಿಗಳು ಕಾಯುತ್ತಿದ್ದರು. ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದವರು. ಆಂಬುಲೆನ್ಸ್ ಕರೆಸಿ ಆಕೆಯನ್ನು ಕಳಿಸಿ ನಾನು ಉಳಿದುಕೊಳ್ಳಬಹುದಿತ್ತು. ಆದರೆ ದಾರಿಯಲ್ಲಿ ಆಕೆ ಮತ್ತೆ ಹೆದರಿ ಇಳಿದುಬಿಟ್ಟರೆ? ಇಳಿಯುತ್ತೇನೆಂದರೆ ತಡೆಯುವ ಮಾತು ಗಂಡನ ಬಳಿ ಇರಲಿಲ್ಲ. ಕಾಯುತ್ತಿದ್ದವರಿಗೆ ವಿಷಯ ಹೇಳಿ, ನಾಳೆ ಬರುತ್ತೇನೆಂದು ಕೇಳಿಕೊಂಡೆ. ಒಬ್ಬರು ಗೊಣಗಿದರು. ಇನ್ನೊಬ್ಬರು, “ಹೋಗ್ರಿ ಡಾಕ್ಟ್ರಮ್ಮ, ನಮ್ದು ಪೊರೆ, ನಾಳೆ ತಂಕ ಇರ್ತೈತೆ” ಎಂದರು. ಗಂಡ ಹೆಂಡತಿಯನ್ನು ನನ್ನ ಕಾರಿನಲ್ಲೇ ಕೂರಿಸಿಕೊಂಡು ಹೊರಟೆ. ಅತ್ತೆಯೂ ಹತ್ತಿ ಕೂತರು.

ದಾರಿಯಲ್ಲಿ ತಳಕು ಎಂಬ ಊರು ದಾಟಿದೆವು. ಆಕೆ ಎಡ ಕಿಟಕಿಯ ಪಕ್ಕ ಕೂತು, ಮತ್ತೆ ಮತ್ತೆ ಕುತ್ತಿಗೆ ತಿರುಗಿಸಿ ಹೊರಗೆ ನೋಡುತ್ತಿದ್ದಳು. ಯಾರೋ ಬರುತ್ತಿದ್ದರು, ನೋಡಿ ಕಳಿಸುತ್ತಿದ್ದಳು. ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು.

ಚಳ್ಳಕೆರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಭಯಪಟ್ಟದ್ದೇ ನಿಜವಾಯಿತು. ಮಾತ್ರೆಯ ಪ್ರಭಾವ ಪೂರ್ತಿ ಇಳಿದಿತ್ತು. ಫಿಜಿಷಿಯನ್ ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ ಎಕೋ ಹಿಡಿದರು. ಪರದೆಯ ಮೇಲೆ ಕವಾಟದ ಎರಡು ರೆಕ್ಕೆಗಳು ತೆರೆದು ಮುಚ್ಚುತ್ತಿದ್ದವು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವರು ಒಂದು ಕಡೆ ಬೆರಳಿಟ್ಟರು. ಕವಾಟದ ಅಂಚಿನಲ್ಲಿ ನೂಲಿನೆಳೆಯಂಥ ಮಬ್ಬು. “ಹೊಸ ಹೆಪ್ಪೋ, ಆಪರೇಷನ್ನಿನ ಹೊಲಿಗೆಯೋ, ಈ ಯಂತ್ರದಲ್ಲಿ ನನಗೆ ಹೇಳಲಾಗುತ್ತಿಲ್ಲ” ಎಂದರು.

ಹೆಪ್ಪಾಗಿದ್ದರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ದಾರಿ ದೂರ, ಅಪಾಯ. ಹೊಲಿಗೆಯಾಗಿದ್ದರೆ ಇಲ್ಲೇ ಚಿಕಿತ್ಸೆ ಸಾಕು. ಪರದೆಯ ವಿಡಿಯೊ ತೆಗೆದು ಶಸ್ತ್ರಚಿಕಿತ್ಸಕರಿಗೆ ಕಳಿಸಿದೆವು. ಅವರು ಆಪರೇಷನ್ ಕೋಣೆಯಲ್ಲಿದ್ದರು. ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಗಂಡ ಹೊರಗಿನ ಬೆಂಚಿನಲ್ಲಿ ಕೂತು ಎರಡೂ ಅಂಗೈಯಿಂದ ಮುಖ ಉಜ್ಜಿಕೊಳ್ಳುತ್ತಿದ್ದ. ಅತ್ತೆ ಸೊಸೆಯ ತಲೆ ಸವರುತ್ತಾ, “ನನ್ಗಾದ್ರೂ ಹೇಳ್ಬಾರ್ದೇನೇ ಪಿಚ್ಚಿದಾನ, ಹುಚ್ಚು ಹುಡ್ಗಿ. ನಾನೇನು ಹೊರಗಿನೋಳೇನೇ” ಎನ್ನುತ್ತಿದ್ದರು.

ಫೋನ್ ಬಂತು. ಆಪರೇಷನ್ ಆದ ವಾರದಲ್ಲಿ ತೆಗೆದ ಎಕೋವನ್ನು ತೆರೆದಿಟ್ಟುಕೊಂಡು ಅವರು ಎರಡನ್ನೂ ಹೋಲಿಸಿದ್ದರು. “ಆ ಎಳೆ ಅವತ್ತೂ ಇತ್ತು. ಹೊಲಿಗೆಯ ದಾರ. ರೆಕ್ಕೆಗಳು ಅಡ್ಡಿಯಿಲ್ಲದೆ ಆಡುತ್ತಿವೆ. ಚುಚ್ಚುಮದ್ದು ಶುರು ಮಾಡಿ, ಮಾತ್ರೆಯನ್ನೂ ಶುರು ಮಾಡಿ. ನಾಳೆ ಇನ್ನೊಮ್ಮೆ ನೋಡಿ ತಿಳಿಸಿ.”

ಫಿಜಿಷಿಯನ್ ಹೊಟ್ಟೆಯ ಚರ್ಮಕ್ಕೆ ಮೊದಲ ಸೂಜಿ ಹಾಕಿದಾಗ ಆಕೆ ಕಣ್ಣು ಮುಚ್ಚಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಚಳ್ಳಕೆರೆಯಲ್ಲಿ ಅವರ ಆಸ್ಪತ್ರೆಯಲ್ಲೇ ಒಂದು ವಾರ ಇದ್ದಳು. ಎರಡನೇ ದಿನ ಸಂಜೆ ಗುಂಪುಗುಂಪಾಗಿ ಬಂದರೆಂದು ಹೆದರಿ ಮನೆಗೆ ಹೋಗುತ್ತೇನೆಂದು ಹಟ ಹಿಡಿದಳು. ಸಂಜೆ ಬೆಳಕು ಕಡಿಮೆಯಾದಾಗ ಇದು ಹೆಚ್ಚುವುದುಂಟು. ಮಂಚವನ್ನು ತಿರುಗಿಸಿ, ಎಡಗಡೆಗೆ ದೀಪ ಬರುವಂತೆ ಮಾಡಿಸಿದೆ. ಗಂಡನಿಗೆ ಆ ಕಡೆ ಕೂತು ಮಾತಾಡುತ್ತಿರಲು ಹೇಳಿದೆ. “ಏನ್ರಿ ಮಾತಾಡ್ಲಿ?” ಎಂದು ಕೇಳಿದ. ಕೊನೆಗೆ ಅಂಗಡಿಗೆ ಬರುವ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದು ಅವರ ಸುದ್ದಿ ಹೇಳತೊಡಗಿದ. ಮೂರನೇ ಗಿರಾಕಿಗೆ ಆಕೆ ನಕ್ಕಳಂತೆ. ರಕ್ತ ಬೇಕಾದಷ್ಟು ತೆಳುವಾದ ಮೇಲೆ ಸೂಜಿ ನಿಲ್ಲಿಸಿ ಮನೆಗೆ ಕಳಿಸಿದೆವು. ಅಷ್ಟು ಹೊತ್ತಿಗೆ ತಾಯತದ ಮಾತು ಯಾರ ಬಾಯಲ್ಲೂ ಇರಲಿಲ್ಲ.

ಅಸಲಿ ಕೆಲಸ ಆಮೇಲೆ ಶುರುವಾಯಿತು. ನಾನು ಮೊಳಕಾಲ್ಮೂರಿಗೆ ಹೋದಾಗಲೆಲ್ಲ ಆಕೆ ಬರುತ್ತಿದ್ದಳು. ಮೊರದ ತುಂಬ ಶೇಂಗಾ ಬೀಜ ಹರಡಿ, ಒಂದೂ ಬಿಡದೆ ಆರಿಸಲು ಹೇಳುತ್ತಿದ್ದೆ. ಮೊದಮೊದಲು ಬಲ ಅರ್ಧ ಖಾಲಿ ಮಾಡಿ, “ಮುಗೀತು” ಎನ್ನುತ್ತಿದ್ದಳು. ಎಡ ಅರ್ಧ ಮುಟ್ಟದೆ ಹಾಗೇ ಇರುತ್ತಿತ್ತು. ಗಂಡನಿಗೆ ಅದನ್ನು ನೋಡಲಾಗದೆ ಮೊರವನ್ನೇ ಮೆಲ್ಲಗೆ ತಿರುಗಿಸಿಬಿಡುತ್ತಿದ್ದ. “ಪ್ರಪಂಚವನ್ನ ಹೀಗೆ ತಿರುಗಿಸಿ ಕೊಡೋಕಾಗುತ್ತೇನಪ್ಪ?” ಎಂದು ಬೈದು ಅವನನ್ನು ಹೊರಗೆ ಕೂರಿಸಿದೆ.

ಎಡಗೈಗೆ ಕೆಂಪು ಬಳೆ ತೊಡಲು ಹೇಳಿದೆ. ಯಾವ ಕೆಲಸಕ್ಕೂ ಮೊದಲು ಎಡಗೈಯನ್ನು ಕೆಲಸದ ಎಡ ಅಂಚಿಗಿಟ್ಟು, ಬಳೆ ಕಾಣುವವರೆಗೂ ಕುತ್ತಿಗೆ ತಿರುಗಿಸಬೇಕು. ಅಲ್ಲಿಂದ ಬಲಕ್ಕೆ ಬರಬೇಕು. ತಟ್ಟೆಗೆ ಹಾಗೇ, ಬಾಗಿಲಿಗೆ ಹಾಗೇ, ರಸ್ತೆಗೂ ಹಾಗೇ. ಕುತ್ತಿಗೆ ನೋವು ಬರುತ್ತಿತ್ತು. ಒಂದು ದಿನ ಮೊರವನ್ನು ತಳ್ಳಿ, “ನಂಗೆ ಬೇಡ ಇದು, ಇರೋವಷ್ಟ್ರಲ್ಲಿ ಬದುಕ್ತೀನಿ” ಎಂದು ಎದ್ದು ಹೋದಳು. ಮುಂದಿನ ವಾರ ತಾನೇ ಬಂದಳು. ಬೀದಿ ದಾಟುವಾಗ ಎಡದಿಂದ ಬರುತ್ತಿದ್ದ ಆಟೋವನ್ನು ಮೊದಲೇ ನೋಡಿ ನಿಂತೆನೆಂದು ಹೇಳಲು ಬಂದಿದ್ದಳು. “ಯಾರೂ ಕೂಗಿ ಹೇಳ್ಲಿಲ್ಲ ಡಾಕ್ಟ್ರಮ್ಮ. ನಾನೇ ನೋಡ್ದೆ” ಎಂದಳು. ಆಮೇಲೆ ಮೊರ ಎಳೆದುಕೊಂಡು ಕೂತಳು.

ಅಂಗಡಿಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಟಾಪಟಿಯಾಯಿತು. ಕಾದ ಎಣ್ಣೆಯ ಹತ್ತಿರ ಹೋಗಬೇಡ, ಈರುಳ್ಳಿ ಹೆಚ್ಚು, ಮಂಡಕ್ಕಿ ಕಲೆಸು ಎಂದೆ. ರಕ್ತ ತೆಳುಮಾಡುವ ಮಾತ್ರೆ ತಿಂದು, ಕೊಯ್ದರೆ ರಕ್ತ ಬೇಗ ನಿಲ್ಲದವಳು ಈಳಿಗೆ ಹಿಡಿಯಬಹುದು, ಸೌಟು ಹಿಡಿಯಬಾರದಾ ಎಂದು ಆಕೆ ನನ್ನನ್ನೇ ಕೇಳಿದಳು. ಕೊನೆಗೆ ಗಂಡ ದಾರಿ ಕಂಡುಹಿಡಿದ. ಒಲೆಯನ್ನು ಅಂಗಡಿಯ ಎಡ ಗೋಡೆಗೆ ಸರಿಸಿದ. ಆಕೆ ನಿಂತರೆ ಎಡಕ್ಕೆ ಗೋಡೆ ಮಾತ್ರ. ಗಿರಾಕಿ, ಹಿಟ್ಟು, ತಟ್ಟೆ ಎಲ್ಲಾ ಬಲಕ್ಕೆ. ಬಾಣಲೆಯ ಸುತ್ತ ತಗಡಿನ ಅಡ್ಡಪಟ್ಟಿ ಹಾಕಿಸಿದ. ನಾನು ಹೋಗಿ ಆ ಜಾಗದಲ್ಲಿ ನಿಂತು, ಎಡಗಡೆಗೆ ಅಂಗೈ ಅಡ್ಡ ಹಿಡಿದು, ಕುತ್ತಿಗೆ ತಿರುಗಿಸಿ, ಎಲ್ಲಾ ರೀತಿಯಲ್ಲಿ ನೋಡಿ ಒಪ್ಪಿದೆ. ಆಕೆ ಮೊದಲ ಮಿರ್ಚಿಯನ್ನು ಎಣ್ಣೆಗೆ ಬಿಟ್ಟಾಗ ಗಂಡ ಅಂಗಡಿಯಲ್ಲಿರಲಿಲ್ಲ. ನೋಡಲು ಧೈರ್ಯ ಸಾಲದೆ ಬಸ್ ನಿಲ್ದಾಣದೊಳಗೆ ಹೋಗಿ ನಿಂತಿದ್ದ.

ಆರು ತಿಂಗಳ ನಂತರ ನೋಟದ ವಿಸ್ತಾರ ಅಳೆದಾಗ ಎಡಗಡೆಯ ಕೆಳಗಿನ ಭಾಗದಲ್ಲಿ ಸ್ವಲ್ಪ ಬೆಳಕು ಮರಳಿತ್ತು. ಮೇಲಿನ ಭಾಗ ಕತ್ತಲೆಯಾಗೇ ಉಳಿದಿದೆ, ಅದು ಬರಲಾರದೆಂದು ಆಕೆಗೆ ಹೇಳಿದ್ದೇನೆ. ಕಾಣಿಸಿಕೊಳ್ಳುತ್ತಿದ್ದವರು ಕ್ರಮೇಣ ಬರೀ ಬಣ್ಣಗಳಾದರು, ಆಮೇಲೆ ಅದೂ ನಿಂತಿತು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾಳೆ, ಮಾತ್ರೆ ತಪ್ಪಿಸುವುದಿಲ್ಲ. ಆಕೆಯ ಶಸ್ತ್ರಚಿಕಿತ್ಸಕರು ಒಮ್ಮೆ ಫೋನ್ ಮಾಡಿ, ಬೆರಳಾಡಿಸಿ ನೋಟ ಪರೀಕ್ಷಿಸುವ ಕ್ರಮವನ್ನು ನನ್ನಿಂದ ಹೇಳಿಸಿಕೊಂಡರು. ಈಗ ಅಲ್ಲಿ ಹೃದಯದ ಆಪರೇಷನ್ ಆದ ಪ್ರತಿಯೊಬ್ಬರನ್ನೂ ಮನೆಗೆ ಕಳಿಸುವ ಮೊದಲು ಹಾಗೆ ನೋಡುತ್ತಾರಂತೆ. ಬೆರಳು ಕಂಡಿತಾ ಎಂದು ಕೇಳಿದ ಮೇಲೆ, ಇಲ್ಲದ್ದೇನಾದರೂ ಕಾಣುತ್ತಾ ಎಂದೂ ಕೇಳುತ್ತಾರಂತೆ.

ಕಳೆದ ತಿಂಗಳು ಮೊಳಕಾಲ್ಮೂರಿನ ಕೋಣೆಗೆ ಆಕೆ ಪರೀಕ್ಷೆಯ ದಿನವಲ್ಲದ ದಿನ ಬಂದಳು. ಜೊತೆಯಲ್ಲಿ ಕಣ್ಣಿನ ಒತ್ತಡ ಹೆಚ್ಚಾಗಿ ನೋಟ ಬಹುಪಾಲು ಕಳೆದುಕೊಂಡ ಮುದುಕರೊಬ್ಬರಿದ್ದರು. ಹಿಂದೆ ಅವರ ಮಗ. “ಅಪ್ಪ ವಾರದಿಂದ ಊಟ ಬಿಟ್ಟೈತ್ರಿ. ಬರೀ ಮೂಲೆ ನೋಡ್ಕೊಂಡು ಕುಂತಿರ್ತೈತೆ. ಈ ಅಕ್ಕ ಅಂಗಡಿಯಾಗೆ ಕೇಳಿಸ್ಕೊಂಡು, ಮೊದ್ಲು ಇಲ್ಲಿಗೆ ಕರ್ಕೊಂಡು ಬಾ ಅಂದ್ರು” ಎಂದ ಮಗ.

“ನೀನು ಸ್ವಲ್ಪ ಹೊರಗಿರಪ್ಪ” ಎಂದು ಆಕೆಯೇ ಅವನನ್ನು ಕಳಿಸಿ ಬಾಗಿಲು ಮುಂದಕ್ಕೆ ಎಳೆದಳು. ಮುದುಕರ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು.

“ಹೇಳ್ರಿ ಯಜಮಾನ್ರೆ. ನಾಚ್ಕೋಬ್ಯಾಡ್ರಿ. ನಂಗೂ ಕಾಣ್ತಿದ್ವು.”

ಮುದುಕರು ದನಿ ಬಂದ ಕಡೆ ಮುಖ ತಿರುಗಿಸಿದರು. “ನಿಂಗೂನಾ?”

“ಹೂನ್ರಿ. ಏನೇನೋ ಕಾಣ್ತಿದ್ವು. ಈಗ ನೋಡ್ರಿ, ನೆಟ್ಟಗಿದೀನಿ, ಅಂಗಡಿ ಮಾಡ್ತೀನಿ.”

“ನನ್ನ ಮಗಂಗೆ ಹೇಳ್ಬ್ಯಾಡಮ್ಮ.”

“ನಾವ್ಯಾಕೆ ಹೇಳಾನ. ಆಮ್ಯಾಲೆ ನೀವೇ ಹೇಳ್ತೀರಿ. ಈಗ ಇಲ್ಲಿ ಹೇಳ್ರಿ.”

ಮುದುಕರು ಗಂಟಲು ಸರಿಮಾಡಿಕೊಂಡರು. ನಾನು ಕೈಯಲ್ಲಿದ್ದ ಟಾರ್ಚು ಆರಿಸಿ ಮೇಜಿನ ಮೇಲಿಟ್ಟು, ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

“ಎತ್ತು ಬರ್ತವಮ್ಮ” ಎಂದರು. “ಬಿಳೀವು. ಏನ್ ಚೆಂದ ಅವೆ ಅಂತೀಯ.”